ನೆತ್ತರಿನ ಕಾವಲುಭಟರು

ಅರ್ಬುದವೆಂಬುದು ನಮ್ಮ ಪ್ರಾಚೀನರಲ್ಲಿ ದೇಹದ ಗಡ್ಡೆಯ ಹೆಸರು. ಒಂದು ಮಹಾಸಂಖ್ಯೆಯ ಹೆಸರೂ ಹೌದು. ಮೇರೆಯಿಲ್ಲದೆ ವೃದ್ಧಿಸುವ ರೋಗಕ್ಕೆ ಈ ಶ್ಲೇಷೆ ಉಚಿತವೆಂದೇ ನನ್ನ ಭಾವನೆ.

ನಮ್ಮ ರಕ್ತದಲ್ಲಿ ಟಿ ಕೋಶಗಳೆಂಬ ಕಾವಲುಭಟರುಂಟು. ಹೊರಗಿನ ಶತ್ರುವನ್ನು ಅವು ಬಲ್ಲವು. ಮನೆಯೊಳಗೇ ಹುಟ್ಟಿದ ಕ್ಯಾನ್ಸರನ್ನು ಅನೇಕ ವೇಳೆ ಗುರುತಿಸಲಾರವು. ಆದುದರಿಂದ ವೈದ್ಯರು ರೋಗಿಯ ರಕ್ತದಿಂದಲೇ ಅವುಗಳನ್ನು ಬೇರ್ಪಡಿಸಿ, ನಿರಪಾಯಗೊಳಿಸಿದ ವೈರಸ್ಸಿನ ಮೂಲಕ ಹೊಸ ಜೀನೊಂದನ್ನು ಒಳಸೇರಿಸುತ್ತಾರೆ. ಆಗ ಕೋಶದ ಮೈಮೇಲೆ, ಕೆಲವು ರಕ್ತಕ್ಯಾನ್ಸರುಗಳ ಕೋಶಗಳಲ್ಲಿರುವ ಸಿಡಿ-19 ಎಂಬ ಗುರುತನ್ನು ಹಿಡಿಯಬಲ್ಲ ಕೊಂಡಿ ಮೂಡುತ್ತದೆ. ಹೀಗೆ ತರಬೇತಾದ ಕೋಶಗಳನ್ನು ಕೋಟಿಗಟ್ಟಲೆ ಬೆಳೆಸಿ ಅದೇ ರೋಗಿಯ ರಕ್ತಕ್ಕೆ ಮರಳಿಸುತ್ತಾರೆ.

2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಕೀಮೋಥೆರಪಿಗೆ ಬಗ್ಗದ ರಕ್ತಕ್ಯಾನ್ಸರಿದ್ದ ಆರು ವರ್ಷದ ಬಾಲಕಿಗೆ ಈ ಚಿಕಿತ್ಸೆ ನಡೆಯಿತು. ಭಟರ ಆವೇಶವೇ ಅವಳ ಪ್ರಾಣಕ್ಕೆ ಎರವಾಗುವಂತಾಯಿತು: ವಿಪರೀತ ಜ್ವರ, ಯಂತ್ರದ ಉಸಿರು. ರಕ್ತದಲ್ಲಿ ಐಎಲ್-6 ಎಂಬ ಪ್ರೋಟೀನು ಮಿತಿಮೀರಿರುವುದನ್ನು ಕಂಡ ವೈದ್ಯರು ಸಂಧಿವಾತದ ಔಷಧಿಯೊಂದನ್ನು ಕೊಟ್ಟರು. ಮಗು ಬದುಕಿತು, ಕ್ಯಾನ್ಸರೂ ಮಾಯವಾಯಿತು. ಎಲ್ಲರಿಗೂ ಈ ಭಾಗ್ಯವಿಲ್ಲ. ಕೆಲವರಲ್ಲಿ ರೋಗ ಮರಳುತ್ತದೆ.

ಮುಂಬಯಿಯ ಐಐಟಿ ಹಾಗೂ ಟಾಟಾ ಸ್ಮಾರಕ ಕೇಂದ್ರದವರ ಶ್ರಮದಿಂದ ರೂಪುಗೊಂಡ ಇಂಥದೇ ಚಿಕಿತ್ಸೆಗೆ 2023ರಲ್ಲಿ ಭಾರತದ ಅನುಮತಿ ದೊರೆಯಿತು. ವಿದೇಶಕ್ಕಿಂತ ಬೆಲೆ ಬಹಳ ಕಡಿಮೆ. ಆದರೂ ಹಲವು ಲಕ್ಷ ರೂಪಾಯಿ. ಒಬ್ಬೊಬ್ಬ ರೋಗಿಗೂ ಅವನದೇ ರಕ್ತದಿಂದ ಔಷಧಿಯನ್ನು ಬೇರೆಬೇರೆಯಾಗಿ ಸಿದ್ಧಪಡಿಸಬೇಕಲ್ಲ!