ಕಾರ್ಥೇಜಿನ ಮಣ್ಣಿನ ಕುಡಿಕೆಗಳು

ಆಫ್ರಿಕದ ಉತ್ತರ ತೀರದಲ್ಲಿ, ಇಂದಿನ ಟ್ಯುನಿಸ್ ನಗರದ ಮಗ್ಗುಲಲ್ಲಿ, ಕಾರ್ಥೇಜ್ ಎಂಬ ಪ್ರಾಚೀನ ಮಹಾನಗರದ ಅವಶೇಷಗಳಿವೆ. ಫಿನೀಷಿಯದ ನಾವಿಕರು ಸ್ಥಾಪಿಸಿದ ಈ ನಗರವು ಶತಮಾನಗಳ ಕಾಲ ಸಮುದ್ರ ವಾಣಿಜ್ಯದಲ್ಲಿ ಮೆರೆದು, ಕ್ರಿ. ಪೂ. 146ರಲ್ಲಿ ರೋಮನರಿಂದ ನಾಶವಾಯಿತು. 1921ರಲ್ಲಿ ಅಲ್ಲಿಯ ಹಳೆಯ ಬಂದರಿನ ಬಳಿ ನೆಲದಡಿಯಿಂದ ಮಣ್ಣಿನ ಕುಡಿಕೆಗಳು ಬೆಳಕಿಗೆ ಬಂದವು. ಅವುಗಳ ಒಳಗೆ ಸುಟ್ಟ ಎಲುಬುಗಳು; ಹೆಚ್ಚಿನವು ಹಸುಗೂಸುಗಳವು, ಕೆಲವು ಕುರಿಮರಿ ಆಡುಮರಿಗಳವು. ಅಲ್ಲಿ ನಿಲ್ಲಿಸಿದ್ದ ಅನೇಕ ಶಿಲೆಗಳ ಮೇಲೆ ತಾನಿತ್ ದೇವಿ, ಬಾಳ್ ಹಮ್ಮೋನ್ ದೇವರ ನಾಮಗಳೂ, ತನ್ನ ಮೊರೆಯನ್ನು ದೈವವು ಆಲಿಸಿತೆಂಬ ಭಕ್ತನ ಕೃತಜ್ಞತೆಯೂ ಕೆತ್ತಲ್ಪಟ್ಟಿದ್ದವು.

ವಿದ್ವಾಂಸರು ಈ ಸ್ಥಳವನ್ನು ‘ತೋಫೆತ್’ ಎಂದು ಕರೆದರು. ಜೆರೂಸಲೇಮಿನ ಹಿನ್ನೋಮ್ ಕಣಿವೆಯಲ್ಲಿ ಮಕ್ಕಳನ್ನು ಅಗ್ನಿಗೆ ಅರ್ಪಿಸುತ್ತಿದ್ದ ಸ್ಥಳಕ್ಕೆ ಬೈಬಲ್ಲಿನಲ್ಲಿರುವ ಹೆಸರಿದು. ಯೋಷೀಯ ದೊರೆಯು ಅದನ್ನು ಹಾಳುಗೆಡವಿದನೆಂದು ಅಲ್ಲಿಯೇ ಹೇಳಿದೆ.

ಕಾರ್ಥೇಜಿನ ಸಂಗತಿಯನ್ನು ಗ್ರೀಕ್ ಇತಿಹಾಸಕಾರನಾದ ಡಿಯೋಡೋರಸನೂ ಬರೆದಿದ್ದಾನೆ. ಕ್ರಿ. ಪೂ. 310ರಲ್ಲಿ ಸಿರಾಕ್ಯೂಸಿನ ಅಗಾಥೋಕ್ಲಿಸನು ದಂಡೆತ್ತಿ ಬಂದಾಗ ನಗರಿಗರು ಭಯಭ್ರಾಂತರಾದರು. ಶ್ರೀಮಂತರು ತಮ್ಮ ಮಕ್ಕಳಿಗೆ ಬದಲಾಗಿ ಕೊಂಡು ತಂದ ಮಕ್ಕಳನ್ನು ಬಲಿಗೊಟ್ಟುದರಿಂದಲೇ ದೈವವು ಮುನಿದಿದೆಯೆಂದು ಬಗೆದು, ಕುಲೀನ ಮನೆತನಗಳ ಇನ್ನೂರು ಮಕ್ಕಳನ್ನು ಅರ್ಪಿಸಿದರಂತೆ!

ಆದರೆ ಡಿಯೋಡೋರಸನು ಘಟನೆಯಾಗಿ ಎರಡು ಶತಮಾನಗಳಿಗೂ ಮಿಕ್ಕಿ ಕಳೆದ ಮೇಲೆ ಬರೆದವನು. ಗ್ರೀಕರಾದರೋ ಕಾರ್ಥೇಜಿನ ಹಳೆಯ ವೈರಿಗಳು. ಅವನ ಮಾತನ್ನು ಹಾಗೆಯೇ ನಂಬಬಹುದೆ? 2010ರಲ್ಲಿ 348 ಕುಡಿಕೆಗಳ ಎಲುಬುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಇವುಗಳಲ್ಲಿ ಅನೇಕವು ಹುಟ್ಟುವ ಮೊದಲೇ ಅಥವಾ ಹುಟ್ಟಿದೊಡನೆಯೇ ತೀರಿಕೊಂಡ ಶಿಶುಗಳವೆಂದೂ, ಇದು ಕೂಸುಗಳ ಸ್ಮಶಾನವಿರಬೇಕೆಂದೂ ವಾದಿಸಿದರು. ಬೆಂಕಿಯ ಶಾಖಕ್ಕೆ ಎಲುಬು ಕುಗ್ಗುವುದರಿಂದ ವಯಸ್ಸಿನ ಈ ಎಣಿಕೆ ತಪ್ಪೆಂಬುದು ಎದುರಾಳಿಗಳ ಉತ್ತರ. ಇದು ಬರಿಯ ಸ್ಮಶಾನವೇ ಆಗಿದ್ದರೆ ಕುರಿಮರಿಗಳೇಕೆ? ಹರಕೆ ತೀರಿತೆಂಬ ಶಾಸನಗಳೇಕೆ? ಈ ಪ್ರಶ್ನೆಗಳು ಬಲವಾದವುಗಳೇ.

ಕಾಲಾಂತರದಲ್ಲಿ, ರೋಮನರ ಆಳ್ವಿಕೆಯ ಅಲ್ಜೀರಿಯದಲ್ಲಿ, ಇದೇ ಸಂಪ್ರದಾಯದ ಶಾಸನಗಳು ಬೇರೊಂದು ಮಾತನ್ನು ನುಡಿಯುತ್ತವೆ. ನ್ಗಾವುಸ್ ಎಂಬಲ್ಲಿ ದೊರೆತ ಒಂದು ಶಿಲೆಯಲ್ಲಿ, ಕೊನ್ಸೆಸ್ಸ ಎಂಬ ಹೆಣ್ಣಿನ ಕ್ಷೇಮಕ್ಕಾಗಿ, ಜೀವಕ್ಕೆ ಪ್ರತಿಯಾಗಿ ಒಂದು ಕುರಿಮರಿಯನ್ನು ದೇವರಿಗೆ ಒಪ್ಪಿಸಲಾಗಿದೆ. ಕುಡಿಕೆಯೊಳಗಣ ಕೂಸುಗಳಿಗೆ ಹೆಸರಿಲ್ಲ. ಉಳಿಸಿಕೊಂಡ ಜೀವದ ಹೆಸರು ಮಾತ್ರ ಕಲ್ಲಿನಲ್ಲಿ ಇಂದಿಗೂ ನಿಂತಿದೆ.