ಜಾರುವ ಕ್ಲಚ್ಚು

ಹಳೆಯ ಮೋಟಾರು ಕಾರೊಂದು ಘಟ್ಟದ ಏರನ್ನು ಹತ್ತುತ್ತಿದೆಯೆಂದು ಭಾವಿಸೋಣ. ಚಾಲಕನು ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತಾನೆ. ಎಂಜಿನ್ನು ಜೋರಾಗಿ ಮೊರೆಯುತ್ತದೆ. ಕಾರು ಮಾತ್ರ ಮುಂದಕ್ಕೆ ಹೋಗಲೊಲ್ಲದು. ಮುಂದೆ ಕಡಿದಾದ ತಿರುವು, ಬೆನ್ನಿಗೆ ಭಾರದ ಲಾರಿ. ‘ಎಂಜಿನ್ನಿನ ಶಕ್ತಿ ಉಡುಗಿತು’ ಎಂದು ಆಗ ಅನೇಕರು ತಿಳಿಯುವುದುಂಟು. ಆದರೆ ಶಕ್ತಿಗುಂದಿದ ಎಂಜಿನ್ನು ಏರಿನಲ್ಲಿ ಹೀಗೆ ವೇಗವಾಗಿ ತಿರುಗಲಾರದು. ಶಕ್ತಿಯು ಹುಟ್ಟುತ್ತಿದೆ; ಗಾಲಿಗಳನ್ನು ಮುಟ್ಟುವ ಮೊದಲೇ ಸೋರಿಹೋಗುತ್ತಿದೆ. ಸೋರುವ ಸ್ಥಳವೇ ಕ್ಲಚ್ಚು.

ಎಂಜಿನ್ನಿನೊಡನೆ ತಿರುಗುವ ಭಾರವಾದ ಫ್ಲೈವೀಲ್ ಚಕ್ರ ಒಂದು ಕಡೆ, ಅದರೊಡನೆಯೇ ತಿರುಗುವ ಪ್ರೆಷರ್ ಪ್ಲೇಟು ಇನ್ನೊಂದು ಕಡೆ. ಇವುಗಳ ನಡುವೆ, ಎರಡು ಮೈಗೂ ಲೈನಿಂಗು ಕೂಡಿಸಿದ ಬಿಲ್ಲೆಯೊಂದು ಗೇರುಪೆಟ್ಟಿಗೆಯ ದಂಡದ ಮೇಲೆ ಕುಳಿತಿರುತ್ತದೆ. ಬಲವಾದ ಸ್ಪ್ರಿಂಗು ಇವನ್ನು ಒತ್ತಿ ಹಿಡಿದಿರುವುದರಿಂದ ಮೂರೂ ಒಂದಾಗಿ ತಿರುಗುತ್ತವೆ. ಪೆಡಲನ್ನು ತುಳಿದರೆ ಹಿಡಿತ ಬಿಡುತ್ತದೆ. ಫ್ಲೈವೀಲಿಗೂ ಬಿಲ್ಲೆಗೂ ನಡುವೆ ಹಲ್ಲಿನ ಹೆಣಿಗೆಯಿಲ್ಲ, ಘರ್ಷಣೆಯೊಂದೇ ಆಧಾರ. ಆದುದರಿಂದ ಸ್ಪ್ರಿಂಗಿನ ಒತ್ತಡವಾಗಲಿ, ಮೈಗಳ ಘರ್ಷಣೆಯಾಗಲಿ ಕುಗ್ಗಿದರೆ ಕ್ಲಚ್ಚು ಜಾರಲೇಬೇಕು.

ಇದನ್ನು ಪತ್ತೆಮಾಡುವುದು ಹೇಗೆ? ಸಮತಟ್ಟಾದ ನಿರ್ಜನ ರಸ್ತೆಯಲ್ಲಿ ಕಾರು ಮೇಲಿನ ಗೇರಿನಲ್ಲಿ ಸಾಗುತ್ತಿರುವಾಗ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಬೇಕು. ಎಂಜಿನ್ನಿನ ಸ್ವರ ಥಟ್ಟನೆ ಏರಿ, ವೇಗಮಾಪಕದ ಮುಳ್ಳು ಇದ್ದಲ್ಲಿಯೇ ಉಳಿದರೆ ಕ್ಲಚ್ಚು ಜಾರುತ್ತಿದೆ. ಸ್ವರವೂ ಏರದೆ ವೇಗವೂ ಹೆಚ್ಚದಿದ್ದರೆ ದೋಷವನ್ನು ಎಂಜಿನ್ನಿನಲ್ಲೋ ಬಿಗಿದುಕೊಂಡ ಬ್ರೇಕಿನಲ್ಲೋ ಹುಡುಕತಕ್ಕದ್ದು. ಮೇಲಿನ ಗೇರೇ ಏಕೆ? ಕೆಳಗಿನ ಗೇರಿನಲ್ಲಿ ಎಂಜಿನ್ನು ಹಲವು ಸುತ್ತು ತಿರುಗಿ ಗಾಲಿಯನ್ನು ಒಂದು ಸುತ್ತು ತಿರುಗಿಸುವುದರಿಂದ ಕಾರನ್ನೆಳೆಯುವ ಭಾರದ ಸಣ್ಣ ಪಾಲು ಮಾತ್ರ ಕ್ಲಚ್ಚಿಗೆ ಬೀಳುತ್ತದೆ. ಮೇಲಿನ ಗೇರಿನಲ್ಲಿ ಆ ಪಾಲು ದೊಡ್ಡದು. ದುರ್ಬಲವಾದ ಹಿಡಿತ ಮೊದಲು ಸೋಲುವುದು ಅಲ್ಲಿಯೇ.

ಕಾರಣಗಳಲ್ಲಿ ಸುಲಭವಾದುದನ್ನು ಮೊದಲು ನೋಡಬೇಕು. ೧೯೮೩ರಿಂದ ೨೦೧೪ರವರೆಗೆ ತಯಾರಾದ ಮಾರುತಿ ೮೦೦ರಂತಹ ಕಾರುಗಳಲ್ಲಿ ಪೆಡಲು ಕೇಬಲಿನ ಮೂಲಕ ಕ್ಲಚ್ಚನ್ನು ಬಿಡಿಸುತ್ತದೆ. ಪೆಡಲನ್ನು ಒತ್ತತೊಡಗಿದಾಗ ಸ್ವಲ್ಪ ದೂರ ಸಡಿಲವಾಗಿ ಚಲಿಸಬೇಕು. ಲೈನಿಂಗು ಸವೆದಂತೆ ಈ ಸಡಿಲ ಕಡಮೆಯಾಗುತ್ತದೆ. ಪೂರ್ಣವಾಗಿ ಹೋದರೆ, ಕಾಲಿಡದಿದ್ದರೂ ಪೆಡಲನ್ನು ಅರ್ಧ ತುಳಿದಂತೆಯೇ ಸರಿ. ಕೇಬಲನ್ನು ಸರಿಹೊಂದಿಸಿದರೆ ಕೆಲವೊಮ್ಮೆ ರೋಗ ವಾಸಿಯಾಗುವುದು. ಹಾಗಾಗದಿದ್ದರೆ ಲೈನಿಂಗು ಪೂರ್ತಿ ಸವೆದಿರಬೇಕು, ಎಂಜಿನ್ನಿನ ಇಲ್ಲವೆ ಗೇರುಪೆಟ್ಟಿಗೆಯ ಸೀಲಿನಿಂದ ಎಣ್ಣೆ ಸೋರಿ ಅದರ ಮೇಲೆ ಬಿದ್ದಿರಬೇಕು, ಅಥವಾ ಸ್ಪ್ರಿಂಗು ಸೋತಿರಬೇಕು. ಆಗ ಕ್ಲಚ್ಚನ್ನು ಬಿಚ್ಚದೆ ಗತಿಯಿಲ್ಲ. ಹಳೆಯ ಲೈನಿಂಗಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದಾದುದರಿಂದ ಅದರ ಧೂಳನ್ನು ಗಾಳಿಯೂದಿ ಹಾರಿಸಕೂಡದು; ಅದು ಶ್ವಾಸಕೋಶಕ್ಕೆ ಮಾರಕ.

ನಾಳೆ ನೋಡಿದರಾಯಿತು ಎನ್ನುವುದು ಸಲ್ಲದು. ಎಂಜಿನ್ನು ನಿಮಿಷಕ್ಕೆ ೩೩೦೦ ಸುತ್ತು, ಬಿಲ್ಲೆ ೩೦೦೦ ಸುತ್ತು ತಿರುಗುತ್ತಿದ್ದರೆ ಶಕ್ತಿಯ ಹನ್ನೊಂದನೆಯ ಒಂದು ಪಾಲು ಕ್ಲಚ್ಚಿನಲ್ಲಿಯೇ ಶಾಖವಾಗುತ್ತದೆ. ಎಂಜಿನ್ನು ೨೨ ಕಿಲೋವಾಟ್ ಕೊಡುತ್ತಿದ್ದರೆ ಈ ಶಾಖ ೨ ಕಿಲೋವಾಟ್. ಎರಡು ದೊಡ್ಡ ಇಸ್ತ್ರಿಪೆಟ್ಟಿಗೆಗಳನ್ನು ಆ ಇಕ್ಕಟ್ಟಿನಲ್ಲಿ ಕಾಯಿಸಿಟ್ಟಂತೆ! ಸುಟ್ಟ ವಾಸನೆ ಬರುವುದು ಇದರಿಂದಲೇ. ಕಾದ ಲೈನಿಂಗಿನ ಘರ್ಷಣೆ ಕುಗ್ಗುತ್ತದೆ, ಸ್ಪ್ರಿಂಗು ಮೆತ್ತಗಾಗುತ್ತದೆ. ಆಗ ಜಾರಿಕೆ ಇನ್ನೂ ಹೆಚ್ಚುತ್ತದೆ. ಜಾರಿಕೆಯಿಂದ ಶಾಖ, ಶಾಖದಿಂದ ಜಾರಿಕೆ. ಇಂದು ಏರಿನಲ್ಲಿ ತಡವರಿಸಿದ ಕಾರು ನಾಳೆ ಅದೇ ಏರಿನ ನಡುವೆ ನಿಂತುಬಿಡಬಹುದು. ಎಂಜಿನ್ನಿನ ಸ್ವರವನ್ನೂ ಕಾರಿನ ವೇಗವನ್ನೂ ಹೋಲಿಸಿ ನೋಡುವ ಚಾಲಕನಿಗೆ ಆ ಸೂಚನೆ ಬಯಲುರಸ್ತೆಯಲ್ಲಿಯೇ ದೊರೆಯುತ್ತದೆ.