ಚರಿತ್ರೆಯ ಧಾರಾವಾಹಿಗಳನ್ನು ಮಕ್ಕಳು ನೋಡಬಹುದೆ?

ಕಳೆದ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು 1792ರ ಶ್ರೀರಂಗಪಟ್ಟಣದ ಒಪ್ಪಂದದ ವಿಷಯವಾಗಿ ಬರೆಯುತ್ತ, ಟಿಪ್ಪು ಸುಲ್ತಾನನು ತನ್ನ ಇಬ್ಬರು ಮಕ್ಕಳನ್ನು ಆಂಗ್ಲರಿಗೆ ಒತ್ತೆಯಾಗಿ ಒಪ್ಪಿಸುವಾಗ ಆಡಿದ ಮಾತುಗಳನ್ನೇ ಉದ್ಧರಿಸಿದ್ದಳು. ಮಕ್ಕಳನ್ನು ಒಪ್ಪಿಸಿದ್ದು ನಿಜ. ಮಾತುಗಳು ಮಾತ್ರ ಯಾವುದೋ ಧಾರಾವಾಹಿಯವು! ಅಂಕಗಳನ್ನು ಕಳೆಯಬೇಕಾಯಿತು, ಹುಡುಗಿ ಅತ್ತಳು. “ಹಾಗಾದರೆ ಟಿ.ವಿ.ಯನ್ನೇ ಮುಚ್ಚಿಬಿಡೋಣವೆ, ಮೇಡಂ?” ಎಂದು ಅವಳ ತಾಯಿಯವರು ಕೇಳಿದರು. ಬೇಡವೆಂದು ಹೇಳಿದೆನು, ಅದರ ಕಾರಣವನ್ನು ಇತರ ಪೋಷಕರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ಇಲ್ಲಿ ಅರಿಕೆಮಾಡುತ್ತೇನೆ.

ಅರಸರು ಏನು ಮಾಡಿದರೆಂಬುದು ದಾಖಲೆಗಳಿಂದ ತಿಳಿಯುವುದುಂಟು. ಏಕಾಂತದಲ್ಲಿ ಏನು ನುಡಿದರೆಂಬುದು ತಿಳಿಯುವುದು ಅಪರೂಪ. ಆ ತೆರವನ್ನು ನಾಟಕಕಾರನು ತನ್ನ ಕಲ್ಪನೆಯಿಂದ ತುಂಬುತ್ತಾನೆ. 1990ರಲ್ಲಿ ದೂರದರ್ಶನದಲ್ಲಿ ಬಂದ ಟಿಪ್ಪುವಿನ ಧಾರಾವಾಹಿಯು ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಆಧರಿಸಿದ್ದು. ಬಾಲ್ಯದಲ್ಲಿ ನಾನೂ ಅದನ್ನು ಎವೆಯಿಕ್ಕದೆ ನೋಡಿದವಳೇ. ನೋಡುವುದರಲ್ಲಿ ದೋಷವಿಲ್ಲ; ಕಾದಂಬರಿಯೆಂಬುದನ್ನು ಮರೆತು ನೋಡುವುದರಲ್ಲಿದೆ.

ಮನೆಮಂದಿಯೆಲ್ಲ ಕೂಡಿ ನೋಡತಕ್ಕವು ಯಾವುವೆಂದರೆ, ಶ್ಯಾಮ್ ಬೆನೆಗಲ್ ಅವರು ನಿರ್ದೇಶಿಸಿದ ಎರಡನ್ನು ಸೂಚಿಸುವೆನು. ಮೊದಲನೆಯದು 1988ರ ‘ಭಾರತ್ ಏಕ್ ಖೋಜ್’. ನೆಹರೂರವರು ಅಹಮದ್‌ನಗರದ ಕೋಟೆಯಲ್ಲಿ ಸೆರೆಯಲ್ಲಿದ್ದಾಗ ಬರೆದ ಗ್ರಂಥವೇ ಇದರ ಆಧಾರ. 53 ಭಾಗಗಳು, ಹಿಂದಿ ಕೆಲವೆಡೆ ಕಠಿಣವೇ ಸರಿ. ಆದರೆ ನೆಹರೂ ಪಾತ್ರದ ರೋಶನ್ ಸೇಠರು ನಡುನಡುವೆ ಬಂದು ವಿಷಯವನ್ನು ನಿರೂಪಿಸುವುದರಿಂದ, ನಿರೂಪಣೆ ಎಲ್ಲಿ, ಅಭಿನಯ ಎಲ್ಲಿ ಎಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಎರಡನೆಯದು ‘ಸಂವಿಧಾನ್’, 2014ರಲ್ಲಿ ಆಗಿನ ರಾಜ್ಯಸಭಾ ವಾಹಿನಿಯಲ್ಲಿ ಬಂದದ್ದು, ಕೇವಲ 10 ಭಾಗಗಳು. ಅಂಬೇಡ್ಕರರ ಪಾತ್ರದಲ್ಲಿ ಸಚಿನ್ ಖೇಡೇಕರ್ ಇದ್ದಾರೆ. ನನಗೆ ಇದೇ ಹೆಚ್ಚು ಪ್ರಿಯ. ಏಕೆಂದರೆ ಸಂವಿಧಾನ ಸಭೆಯು 1946ರ ಡಿಸೆಂಬರ್ 9ರಂದು ಮೊದಲು ಸೇರಿದಂದಿನಿಂದ ಅಲ್ಲಿ ನಡೆದ ಚರ್ಚೆಗಳೆಲ್ಲ ಬರೆದಿಡಲ್ಪಟ್ಟು ಅಚ್ಚಾಗಿವೆ. ಪರದೆಯ ಮೇಲಿನ ಭಾಷಣವನ್ನು ಯಾವ ಹುಡುಗಿಯಾದರೂ ಅಚ್ಚಾದುದರೊಡನೆ ಹೋಲಿಸಬಹುದು. ಆ ಸಭೆಯಲ್ಲಿ 15 ಮಂದಿ ಮಹಿಳೆಯರಿದ್ದರು. 1947ರ ಆಗಸ್ಟ್ 14ರ ರಾತ್ರಿ ಭಾರತದ ಸ್ತ್ರೀಯರ ಪರವಾಗಿ ರಾಷ್ಟ್ರಧ್ವಜವನ್ನು ಅರ್ಪಿಸಿದ ಹಂಸಾ ಮೆಹತಾ ಅವರಲ್ಲೊಬ್ಬರು; ದಲಿತ ಕುಲದಿಂದ ಬಂದ ಏಕೈಕ ಮಹಿಳೆ ದಾಕ್ಷಾಯಣಿ ವೇಲಾಯುಧನ್ ಮತ್ತೊಬ್ಬರು. ಸಭೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು ನಮ್ಮ ಮಂಗಳೂರಿನಲ್ಲಿ ಜನಿಸಿದವರು.

ಈ ವರ್ಷ ಹತ್ತನೆಯ ತರಗತಿಯವರಿಗೆ ಇದರ ಒಂದು ಭಾಗವನ್ನು ತೋರಿಸಿ, ಅದೇ ವಿಷಯದ ಚರ್ಚೆಯ ಪುಟಗಳನ್ನು ಓದಲು ಕೊಟ್ಟೆವು. ಪುಟಗಳು ಇಂಗ್ಲಿಷಿನಲ್ಲಿದ್ದುದರಿಂದ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕಾಯಿತು. ಕಳೆದ ವರ್ಷ ಅತ್ತಿದ್ದ ಹುಡುಗಿಯು ಧಾರಾವಾಹಿಯವರು ಬಿಟ್ಟಿರುವ ಮಾತುಗಳನ್ನು ಎರಡು ಪುಟ ತುಂಬ ಬರೆದು ತಂದಳು. ಅವನ್ನು ಏಕೆ ಬಿಟ್ಟರೆಂದು ನನ್ನನ್ನೇ ಕೇಳಿದಳು.